ಫೋಟೋದಲ್ಲಿ ಇಲ್ಲದ ಮೂಲೆ ನೋಡಿ ಕಾರು ತಗೊಂಡೆ

ಸೆಕೆಂಡ್ ಹ್ಯಾಂಡ್ ಕಾರನ್ನು ಫೋಟೋ ನೋಡಿ ಆರಿಸಬಾರದು ಅಂತ ಎಲ್ಲರೂ ಹೇಳುತ್ತಾರೆ. ನಾನು ಆರಿಸಿದ್ದು ಫೋಟೋ ನೋಡಿಯೇ. ಎರಡು ಮಳೆಗಾಲ ಕಳೆದಿದೆ, ಗಾಡಿ ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ. "ಎಂಜಿನ್ ಸೌಂಡ್ ಕೇಳದೆ ಏನು ಗೊತ್ತಾಗುತ್ತೆ ಸಾರ್" ಅಂದಿದ್ದ ಬೆಂಗಳೂರಿನ ವಿಲ್ಸನ್ ಗಾರ್ಡನ್‌ನ ನಮ್ಮ ಮೆಕ್ಯಾನಿಕ್ ಈಗ ತನ್ನ ಗಿರಾಕಿಗಳು ತೋರಿಸುವ ಜಾಹೀರಾತುಗಳನ್ನು ನನಗೆ ಕಳಿಸಿ "ಇದು ಹೇಗಿದೆ ನೋಡಿ" ಅನ್ನುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ಶುರುವಿನ ಕೆಲವು ತಿಂಗಳು ಎಲ್ಲರ ಹಾಗೇ ಹುಡುಕಿದೆ. ಮಿಂಚುವ ಫೋಟೋ ಕಂಡರೆ ಫೋನ್ ಮಾಡುವುದು, ಭಾನುವಾರ ಹೋಗಿ ನೋಡುವುದು. ಹೊಸಕೋಟೆಯಲ್ಲಿ ಒಂದು ಗಾಡಿ ನೋಡಲು ಹೋದರೆ ಫೋಟೋದ್ದೇ ಬೇರೆ, ಅಲ್ಲಿ ನಿಂತಿದ್ದೇ ಬೇರೆ. ಬಣ್ಣ ಒಂದೇ, ಮಾಡೆಲ್ ಒಂದೇ, ಆದರೆ ಫೋಟೋದಲ್ಲಿ ಅಲಾಯ್ ವೀಲ್ ಇತ್ತು, ಎದುರಿಗೆ ತುಕ್ಕು ಹಿಡಿದ ಸ್ಟೀಲ್ ರಿಮ್. ಯಲಹಂಕದಲ್ಲಿ ನೋಡಿದ ಕಾರಿಗೆ ರೂಫ್ ಮೇಲೆ ಬಣ್ಣ ಸಿಪ್ಪೆ ಎದ್ದಿತ್ತು. ಫೋಟೋಗಳೆಲ್ಲ ಸೊಂಟದ ಎತ್ತರದಿಂದ ತೆಗೆದದ್ದು, ರೂಫ್ ಕಂಡೇ ಇರಲಿಲ್ಲ. ಪ್ರತಿ ಸಲ ಮೆಕ್ಯಾನಿಕ್‌ಗೆ ಸಾವಿರದಿಂದ ಒಂದೂವರೆ ಸಾವಿರ, ಪೆಟ್ರೋಲ್, ಅರ್ಧ ದಿನ. ಒಬ್ಬ ಡೀಲರ್ "ಬೇರೆ ಪಾರ್ಟಿ ಬರ್ತಿದ್ದಾರೆ" ಅಂತ ಐದು ಸಾವಿರ ಅಡ್ವಾನ್ಸ್ ಹಾಕಿಸಿಕೊಂಡ, ಗಾಡಿ ಬೇಡ ಅಂದ ಮೇಲೆ ತಿಂಗಳು ಅಲೆಸಿ ಮೂರು ಸಾವಿರ ವಾಪಸ್ ಕೊಟ್ಟ. ಕಾರು ಕೊಳ್ಳುವ ಮೊದಲೇ ನನ್ನ ಕೈಯಿಂದ ಹದಿನೈದು ಹದಿನೆಂಟು ಸಾವಿರ ಹೋಗಿತ್ತು.

ಆಮೇಲೆ ಹಳೇ ಜಾಹೀರಾತುಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ನಾನು ಹೋಗಿ ಬೇಡ ಅಂದು ಬಂದ ಗಾಡಿಗಳಲ್ಲಿ ಏನು ಕೆಟ್ಟಿತ್ತೋ, ಬಹುಪಾಲು ಅದರದ್ದೇ ಫೋಟೋ ಇರಲಿಲ್ಲ! ಅಲ್ಲಿಂದ ನೋಡುವ ಕ್ರಮವೇ ಬದಲಾಯಿತು. ಈಗ ನಾನು ಕಾರನ್ನು ನೋಡುವುದಿಲ್ಲ, ಮೂಲೆಗಳನ್ನು ಎಣಿಸುತ್ತೇನೆ. ನಾಲ್ಕು ಮೂಲೆ, ರೂಫ್, ನಾಲ್ಕು ಟೈರ್, ಡಿಕ್ಕಿ, ಸ್ಟೆಪ್ನಿ ಜಾಗ, ಪೆಡಲ್. ಹನ್ನೆರಡು ಫೋಟೋ ಹಾಕಿ ಅದರಲ್ಲಿ ಏಳು ಬಲಗಡೆ ಮುಂಭಾಗದ್ದೇ ಇದ್ದರೆ ಎಡಗಡೆ ಹಿಂದೆ ಏನೋ ಆಗಿದೆ ಅಂತಲೇ ಲೆಕ್ಕ. ಒದ್ದೆ ಕಾರಿನ ಫೋಟೋ ನೋಡಿದರೆ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ, ನೀರು ನಿಂತ ಬಾಡಿ ಮೇಲೆ ಗೀರು ಕಾಣುವುದಿಲ್ಲ. ಡ್ಯಾಶ್‌ಬೋರ್ಡ್ ಫೋಟೋದಲ್ಲಿ ಕೀ ಆಫ್ ಆಗಿದ್ದರೆ ಎಂಜಿನ್ ಲೈಟ್, ಏರ್‌ಬ್ಯಾಗ್ ಲೈಟ್ ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮೀಟರ್ ನಲವತ್ತು ಸಾವಿರ ಕಿಲೋಮೀಟರ್ ಅನ್ನುತ್ತದೆ, ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದೆ, ಸ್ಟೇರಿಂಗ್‌ಗೆ ಹೊಸ ಕವರ್ ಬಂದಿದೆ ಅಂದರೆ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ ಅಂತಲೇ ಲೆಕ್ಕ, ಮಾತು ಮುಗಿಯಿತು. ಎಂಜಿನ್ ಬೇ ಫಳಫಳ ಹೊಳೆಯುತ್ತಿದ್ದರೂ ಅಷ್ಟೇ. ದಿನಾ ಓಡುವ ಕಾರಿನ ಬಾನೆಟ್ ಕೆಳಗೆ ಧೂಳು ಇರಲೇಬೇಕು. ಆಯಿಲ್ ಲೀಕ್ ಇದ್ದವರು ಮೊದಲು ತೊಳೆಸುತ್ತಾರೆ.

ಫೋಟೋದ ಹಿನ್ನೆಲೆಯನ್ನೂ ಬಿಡುವುದಿಲ್ಲ. ಒಂದು ಆಗಸ್ಟ್‌ನಲ್ಲಿ "ನಿನ್ನೆ ತಾನೇ ತೆಗೆದ ಫೋಟೋ" ಅಂತ ಒಬ್ಬರು ಕಳಿಸಿದರು. ಕಾರಿನ ಹಿಂದೆ ಗುಲಾಬಿ ಟಬೆಬುಯಾ ಮರ ತುಂಬಾ ಹೂ! ಬೆಂಗಳೂರಿನಲ್ಲಿ ಆ ಮರ ಹೆಚ್ಚಾಗಿ ಹೂ ಬಿಡುವುದು ಚಳಿಗಾಲದಿಂದ ಬೇಸಿಗೆ ಶುರುವಿನವರೆಗೆ ಅಲ್ವಾ? ಅಂದರೆ ಫೋಟೋಗೆ ಕಡಿಮೆ ಅಂದರೂ ನಾಲ್ಕೈದು ತಿಂಗಳಾಗಿದೆ, ಗಾಡಿ ಅಲ್ಲಿಂದ ಇಲ್ಲಿವರೆಗೆ ಮಾರಾಟವಾಗಿಲ್ಲ, ನೋಡಿದವರೆಲ್ಲ ಬೇಡ ಅಂದಿದ್ದಾರೆ. ನಾನು ಫೋನ್ ಕೂಡ ಮಾಡಲಿಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ನಮ್ಮ ಭಾವನ ಹಳೇ ಸ್ಯಾಂಟ್ರೋ ತಗೊಂಡು ಮಧ್ಯಾಹ್ನ ಬಿಸಿಲಿನಲ್ಲಿ ಒಂದಷ್ಟು ಫೋಟೋ, ಸಂಜೆ ಆರರ ಹೊತ್ತಿಗೆ ಒಂದು ಬಕೆಟ್ ನೀರು ಹೊಯ್ದು ಒಂದಷ್ಟು ಫೋಟೋ ತೆಗೆದೆ. ಬಾಗಿಲ ಮೇಲೆ ಬೆರಳಷ್ಟು ಉದ್ದದ ಗೀರುಗಳಿದ್ದವು. ಸಂಜೆಯ ಫೋಟೋದಲ್ಲಿ ಒಂದೂ ಇಲ್ಲ. ಎರಡು ಸೆಟ್ಟನ್ನೂ ಬೇರೆ ಬೇರೆ ಗೆಳೆಯರಿಗೆ ಕಳಿಸಿ ರೇಟ್ ಕೇಳಿದರೆ ಸಂಜೆಯ ಫೋಟೋ ನೋಡಿದವರು ಇಪ್ಪತ್ತು ಸಾವಿರ ಜಾಸ್ತಿ ಹೇಳಿದರು. "ನನ್ನ ಕಾರು ಇಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರಲಿಲ್ಲ" ಅಂದರು ಭಾವ. ಫೋಟೋ ನಂಬಬೇಡ ಅಂತ ನನಗೆ ಪಾಠ ಹೇಳಿದವರೂ ಅವರೇ.

ಇನ್ನು ಯಾವ ಕಾರು ಅನ್ನುವ ವಿಷಯ. ಯಾರೂ ಹೊಗಳದ ಕಾರೇ ಬೇಕು ಅಂತ ಮೊದಲೇ ನಿರ್ಧರಿಸಿದ್ದೆ. ನಮ್ಮಪ್ಪನ ಹತ್ತಿರ ಪ್ರೀಮಿಯರ್ ಪದ್ಮಿನಿ ಇತ್ತು, ಗೇರ್ ಸ್ಟೇರಿಂಗ್ ಪಕ್ಕದಲ್ಲಿ. ಬೀದಿಯಲ್ಲೆಲ್ಲ ಮಾರುತಿ 800 ಬಂದ ಮೇಲೆ ಪದ್ಮಿನಿಯಲ್ಲಿ ಸ್ಕೂಲಿಗೆ ಹೋಗಲು ನಾವು ಮಕ್ಕಳು ಹಿಂದೇಟು ಹಾಕುತ್ತಿದ್ದೆವು. ಆದರೆ ಅಜ್ಜಿ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ನಾವು ನಾಲ್ವರು ಎಲ್ಲ ಒಟ್ಟಿಗೆ ಹಿಡಿಸುತ್ತಿದ್ದೆವು, ಅಪ್ಪ ಇಗ್ನಿಷನ್ ಪಾಯಿಂಟ್ಸ್ ತಾವೇ ಉಜ್ಜಿ ಹೊರಡುತ್ತಿದ್ದರು. ನಮ್ಮದೇ ಊರಿನಲ್ಲಿ ತಯಾರಾಗಿ 2001ರಲ್ಲಿ ಬಂದ ರೇವಾ ಎಲೆಕ್ಟ್ರಿಕ್ ಕಾರನ್ನು ಎಷ್ಟು ಜನ ಆಟದ ಕಾರು ಅಂದರು! ಈಗ ರಸ್ತೆ ತುಂಬಾ ಎಲೆಕ್ಟ್ರಿಕ್ ಕಾರು. ಜನ ನಗುವ ಕಾರಿನ ಬೆಲೆ ಬೇಗ ಇಳಿಯುತ್ತದೆ, ಒಳಗಿನ ಎಂಜಿನ್ ಮಾತ್ರ ಅದೇ ಇರುತ್ತದೆ. ಮಾರುತಿಯ ಝೆನ್ ಎಸ್ಟಿಲೊ ವಿಷಯದಲ್ಲಿ ಆದದ್ದು ಇದೇ. 2006ರ ಕೊನೆಗೆ ಬಂದಾಗ ಹಳೇ ಝೆನ್ ಅಭಿಮಾನಿಗಳು ಹೆಸರು ಕೆಡಿಸಿದರು ಅಂತ ಬೈದರು. 2009ರ ನಂತರದ್ದಕ್ಕೆ ಕೆ10 ಎಂಜಿನ್ ಬಂತು, 998 ಸಿಸಿ, ಅದನ್ನು ಯಾವ ಗಲ್ಲಿಯ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡುತ್ತಾನೆ. ಬಿಡಿಭಾಗದ ಅಂಗಡಿಗಳಿರುವ ಜೆಸಿ ರೋಡಿನಲ್ಲಿ ಸ್ಪೇರ್ ಹುಡುಕುವ ಕಷ್ಟವಿಲ್ಲ.

ನಾನು ತಗೊಂಡ ಎಸ್ಟಿಲೊ 2011ರದ್ದು, ವಿಜಯನಗರದ ಒಬ್ಬ ನಿವೃತ್ತ ಮೇಷ್ಟ್ರದ್ದು. ಫೋಟೋಗಳು ಎಷ್ಟು ಕೆಟ್ಟದಾಗಿದ್ದವು ಅಂದರೆ ಒಂದರಲ್ಲಿ ಅರ್ಧ ಅವರ ಹೆಬ್ಬೆರಳೇ ಇತ್ತು, ಇನ್ನೊಂದರಲ್ಲಿ ಒಣಹಾಕಿದ ಪಂಚೆ. ಆದರೆ ನಾಲ್ಕು ಮೂಲೆಯೂ ಇತ್ತು. ಹಿಂದಿನ ಬಂಪರ್ ತಗ್ಗಾದ ಜಾಗವನ್ನು ಹತ್ತಿರದಿಂದ ತೆಗೆದು ಹಾಕಿದ್ದರು! ನೋಡಿದ ತಕ್ಷಣ ಫೋನ್ ಮಾಡಿದೆ. ನಾನು ಕೇಳಿದ್ದನ್ನೆಲ್ಲ ಅವರ ಮಗಳು ಕಳಿಸಿದರು. ಎಲ್ಲ ಗಾಜಿನ ಮೂಲೆಯಲ್ಲಿರುವ ತಯಾರಿಕೆಯ ಅಚ್ಚು, ಟೈರ್ ಯಾವಾಗ ತಯಾರಾಯಿತು ಅಂತ ಹೇಳುವ ನಾಲ್ಕಂಕಿ (ಮೊದಲೆರಡು ವಾರ, ಕೊನೆಯೆರಡು ವರ್ಷ), ಬೆಳಗ್ಗೆ ಆರಕ್ಕೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವ ವಿಡಿಯೋ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಫೋಟೋ ತೆಗೆಯಲು ಹೇಳಿದೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟೋ ಕಾರು ಮುಳುಗಿದ್ದವು, ಒಳಗೆ ಸುತ್ತಿಕೊಂಡಿರುವ ಬೆಲ್ಟಿನ ತುದಿಯ ಕೆಸರು ಸುಲಭಕ್ಕೆ ಹೋಗುವುದಿಲ್ಲ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಸುಮ್ನೆ ಕಳಿಸಿದರೆ ತೆಗೆದ ದಿನಾಂಕ ಅಳಿಸಿಹೋಗುತ್ತದೆ.

ಅವರು ಒಂದೂವರೆ ಲಕ್ಷ ಹೇಳಿದ್ದರು, ಒಂದು ಮೂವತ್ತರ ಹತ್ತಿರ ಮುಗಿಯಿತು. ಕ್ಲಚ್, ಬ್ಯಾಟರಿ, ಎರಡು ಟೈರ್, ಮುಂದಿನ ಸಸ್ಪೆನ್ಷನ್ ಬುಶ್ ಎಲ್ಲ ಸೇರಿ ಇಪ್ಪತ್ತೆರಡು ಇಪ್ಪತ್ಮೂರು ಸಾವಿರ ಆಯಿತು. ಬಂಪರ್ ಹಾಗೇ ಬಿಟ್ಟೆ. 15 ವರ್ಷಕ್ಕೆ ಆರ್‌ಸಿ (ನೋಂದಣಿ ಪತ್ರ) ರಿನ್ಯೂವಲ್ ಖರ್ಚನ್ನೂ ಮೊದಲೇ ಎತ್ತಿಟ್ಟಿದ್ದೆ. 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಿಂದ 5000 ಆಗಿದೆ, ಮೇಲೆ ಹಸಿರು ತೆರಿಗೆ. ರೇಟ್ ಮಾತಾಡುವಾಗ ಇದನ್ನು ಹೇಳಿದರೆ ಮಾರುವವರು ಒಪ್ಪುತ್ತಾರೆ.

ಮಾರುವವರಿಗೆ ನಾನು ಕೇಳುವ ಇನ್ನೊಂದು ಫೋಟೋ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಬ್ರೋಕರ್‌ಗಳು ನಾಳೆಯಿಂದಲೇ ಅದನ್ನೂ ಪಾಲಿಶ್ ಮಾಡಿ ಇಡುತ್ತಾರೆ. ಸದ್ಯ ತಂಗಿಗೆ ಒಂದು ಮಾರುತಿ ರಿಟ್ಜ್ ಹುಡುಕುತ್ತಿದ್ದೇನೆ, ಅದರ ಹಿಂಭಾಗ ನೋಡಿ ಮುಖ ತಿರುಗಿಸಿದವರೇ ಜಾಸ್ತಿ, ಹಾಗಾಗಿ ರೇಟ್ ಹಿತವಾಗಿದೆ. ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದರ ರೂಫ್ ಫೋಟೋ ಕೇಳಿ ನಾಲ್ಕು ದಿನವಾಯಿತು, ಓನರ್ ಇನ್ನೂ ಕಳಿಸಿಲ್ಲ. ಇನ್ನೊಂದನ್ನು ಶನಿವಾರ ನೋಡಲು ಹೋಗುತ್ತೇನೆ.