ಕಮೋಡ್ ಪದೇ ಪದೇ ಕಟ್ಟಿಕೊಳ್ಳುತ್ತಿದೆಯಾ? ಮೊದಲು ಚೇಂಬರ್ ತೆಗೆದು ನೋಡಿ

ಕಮೋಡ್ ಯಾವಾಗಲೋ ಒಂದು ಸಲ ಕಟ್ಟಿಕೊಂಡರೆ ಪ್ಲಂಜರ್ ಒತ್ತಿ, ಕೈ ತೊಳೆದುಕೊಂಡು ಮರೆತುಬಿಡಬಹುದು. ತಿಂಗಳು ತಿಂಗಳು ಕಟ್ಟಿಕೊಳ್ಳುತ್ತಿದ್ದರೆ ಮಾತ್ರ ಪ್ಲಂಜರ್‌ನಿಂದ ಆಗುವುದು ಇಷ್ಟೇ: ಅಡ್ಡ ಕೂತಿದ್ದು ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಕಾರಣ ಎಲ್ಲೂ ಹೋಗುವುದಿಲ್ಲ.

ನಮ್ಮದು ಮೈಸೂರಿನ ಹಳೇ ಬಡಾವಣೆಯ ಮನೆ. ಕೆಳಗೆ ನಾವಿದ್ದೇವೆ, ಮೇಲೆ ಎರಡು ಬಾಡಿಗೆ ಮನೆ. ‘ಆಂಟಿ, ಮತ್ತೆ ಕಟ್ಕೊಂಡಿದೆ’ ಅಂತ ಮೇಲಿನವರು ಹೇಳಿದರೆ ನಾನು ತಕ್ಷಣ ಪ್ಲಂಬರ್‌ನ ಕರೆಯುವುದಿಲ್ಲ. ಎಲ್ಲಿ ಕಟ್ಟಿದೆ ಅಂತ ಮೊದಲು ನೋಡುತ್ತೇನೆ. ಅದು ಗೊತ್ತಿಲ್ಲದೆ ಖರ್ಚು ಮಾಡಿದ ದುಡ್ಡೂ ಅದೇ ಪೈಪಿನಲ್ಲಿ ಹೋಗುತ್ತದೆ.

ನೋಡುವುದು ಹೀಗೆ. ಒಂದು ಬಕೆಟ್ ನೀರನ್ನು ಕಮೋಡ್‌ಗೆ ಒಂದೇ ಸಮ ಜೋರಾಗಿ ಸುರಿಯಿರಿ. (ನೀರು ಅಂಚಿನವರೆಗೆ ಬಂದು ನಿಂತಿದ್ದರೆ ಸುರಿಯಬೇಡಿ, ಅದು ಇಳಿಯುವ ತನಕ ಕಾಯಿರಿ.) ಬಕೆಟ್ ನೀರಿಗೆ ಎಲ್ಲ ಸಲೀಸಾಗಿ ಹೋಗಿ, ಫ್ಲಶ್ ಒತ್ತಿದಾಗ ಮಾತ್ರ ಹೋಗದಿದ್ದರೆ ಪೈಪ್ ಸರಿಯಾಗಿಯೇ ಇದೆ, ತೊಂದರೆ ಇರುವುದು ಫ್ಲಶ್ ಟ್ಯಾಂಕಿನಲ್ಲಿ. ನೀರು ಇಳಿಯುತ್ತದೆ, ಗಟ್ಟಿ ಇರುವುದು ಮಾತ್ರ ನಿಲ್ಲುತ್ತದೆ ಅಂದರೆ ಕಮೋಡ್‌ನ ಬಾಗಿನಲ್ಲಿ ಏನೋ ಅಡ್ಡ ಸಿಕ್ಕಿಕೊಂಡಿದೆ. ಫ್ಲಶ್ ಮಾಡಿದಾಗ ಬಚ್ಚಲಿನ ನಹಾನಿ ಟ್ರ್ಯಾಪ್‌ನಿಂದ, ಅಂದರೆ ನೆಲದ ಜಾಲರಿ ತೂತಿನಿಂದ, ನೀರು ಉಕ್ಕಿದರೆ ಕಮೋಡ್ ತಂಟೆಗೇ ಹೋಗಬೇಡಿ. ಎರಡೂ ಸೇರುವ ಜಾಗದಿಂದ ಮುಂದೆ ಕಟ್ಟಿದೆ.

ಆಮೇಲೆ ಹೊರಗೆ ಬಂದು ಮನೆಗೆ ಹತ್ತಿರದ ಚೇಂಬರ್ (ಕೊಳಚೆ ಪೈಪಿನ ದಾರಿಯಲ್ಲಿ ನೆಲದೊಳಗೆ ಕಟ್ಟಿರುವ ಸಣ್ಣ ತೊಟ್ಟಿ) ಮುಚ್ಚಳವನ್ನು ಹಾರೆಯಿಂದ ಮೀಟಿ ತೆಗೆಯಿರಿ. ಮುಖ ಬಗ್ಗಿಸಬೇಡಿ, ಸ್ವಲ್ಪ ಗಾಳಿಯಾಡಲು ಬಿಡಿ. ಒಳಗೆ ಕಮೋಡ್ ತುಂಬಿದೆ, ಇಲ್ಲಿ ಚೇಂಬರ್ ಖಾಲಿ ಇದೆ ಅಂದರೆ ಎರಡರ ಮಧ್ಯೆ ಕಟ್ಟಿದೆ. ಚೇಂಬರ್ ತುಂಬಿ ನಿಂತಿದ್ದರೆ ಇದರಿಂದ ಮುಂದೆ. ಮುಂದಿನ ಚೇಂಬರ್ ತೆಗೆಯಿರಿ. ಖಾಲಿ ಇರುವ ಚೇಂಬರ್ ಸಿಗುವವರೆಗೆ ಹೀಗೇ ಹೋಗಿ. ತುಂಬಿದ್ದಕ್ಕೂ ಖಾಲಿ ಇರುವುದಕ್ಕೂ ನಡುವಿನ ಪೈಪೇ ನಿಮ್ಮ ಕಳ್ಳ. ಕೊನೆಯ ಚೇಂಬರೂ ತುಂಬಿದ್ದರೆ ರಸ್ತೆಯ ಯುಜಿಡಿ (ಒಳಚರಂಡಿ) ಲೈನೇ ಕಟ್ಟಿರಬಹುದು, ಪಾಲಿಕೆಗೆ ದೂರು ಕೊಡಿ. ಬೆಂಗಳೂರಿನವರು ಜಲಮಂಡಳಿಯ 1916ಕ್ಕೆ ಫೋನ್ ಮಾಡಿ.

ಈಗ ಕಾರಣಗಳಿಗೆ ಬರೋಣ. ಟ್ಯಾಂಕಿನದು ಸುಲಭ. ಮುಚ್ಚಳ ತೆಗೆದು ನೋಡಿ. ನೀರು ಓವರ್‌ಫ್ಲೋ ಪೈಪಿನ ಬಾಯಿಗಿಂತ ಒಂದು ಇಂಚು ಕೆಳಗಿನವರೆಗೆ ತುಂಬಬೇಕು. ನೀರು ಉಳಿಸಲು ಯಾರಾದರೂ ಒಳಗೆ ಇಟ್ಟಿಗೆ, ಬಾಟಲಿ ಇಟ್ಟಿದ್ದರೆ ತೆಗೆಯಿರಿ. ಎರಡು ಬಟನ್ ಇರುವ ಫ್ಲಶ್‌ನಲ್ಲಿ ಸಾಮಾನ್ಯವಾಗಿ ಚಿಕ್ಕದಕ್ಕೆ 3 ಲೀಟರ್, ದೊಡ್ಡದಕ್ಕೆ 6 ಲೀಟರ್ ಬರುತ್ತದೆ. ಎಲ್ಲದಕ್ಕೂ ಚಿಕ್ಕದನ್ನೇ ಒತ್ತುವವರು ಮನೆಗೊಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಮೋಡ್ ಅಂಚಿನ ಕೆಳಗಿನ ತೂತುಗಳಲ್ಲಿ ಬಿಳಿ ಉಪ್ಪು ಕಟ್ಟಿ ನೀರಿನ ಸೆಳೆತ ಸತ್ತುಹೋಗುತ್ತದೆ. ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಅದ್ದಿ, ಅಂಚಿನ ಕೆಳಗೆ ಸುತ್ತ ತುರುಕಿ ರಾತ್ರಿ ಬಿಡಿ. ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ.

ಬಾಗಿನಲ್ಲಿ ಸಿಕ್ಕಿಕೊಳ್ಳುವ ಸಾಮಾನು ನೋಡಿದರೆ ನಗು ಬರುತ್ತದೆ. ಅಂಚಿಗೆ ನೇತುಹಾಕುವ ಸುವಾಸನೆ ಬಿಲ್ಲೆಯ ಪ್ಲಾಸ್ಟಿಕ್ ಬುಟ್ಟಿ, ಶಾಂಪೂ ಸ್ಯಾಶೆ, ಮಕ್ಕಳ ಆಟದ ಕಾರು. ಜಾಸ್ತಿ ಕಾಟ ಕೊಡುವುದು ಪ್ಯಾಡ್ ಮತ್ತು ಮಗುವನ್ನು ಒರೆಸುವ ವೆಟ್ ವೈಪ್ಸ್. ಅವು ನೀರಿನಲ್ಲಿ ಕರಗುವುದಿಲ್ಲ, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ. ಮಿಕ್ಕಿದ ಸಾರು, ಎಣ್ಣೆ, ಬಾಚಣಿಗೆಯ ಕೂದಲನ್ನು ಕಮೋಡ್‌ಗೆ ಹಾಕುವವರೂ ಇದ್ದಾರೆ. ಎಣ್ಣೆ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ, ಕೂದಲು ಅದನ್ನು ಹಿಡಿದುಕೊಳ್ಳುತ್ತದೆ. ಬಾಡಿಗೆ ಮನೆಯಾದರೆ ಉಪದೇಶ ಮಾಡುವುದಕ್ಕಿಂತ ಟಾಯ್ಲೆಟ್ ಒಳಗೆ ಮುಚ್ಚಳ ಇರುವ ಒಂದು ಡಬ್ಬ ಇಟ್ಟುಕೊಡಿ.

ಪ್ಲಂಜರ್ ಒತ್ತುವಾಗ ರಬ್ಬರ್ ಪೂರ್ತಿ ನೀರಿನಲ್ಲಿ ಮುಳುಗಿರಬೇಕು. ಗಾಳಿಗೆ ಬಲವಿಲ್ಲ, ನೀರಿಗೆ ಇದೆ. ಮೊದಲ ಸಲ ಮೆಲ್ಲಗೆ ಒತ್ತಿ, ಇಲ್ಲದಿದ್ದರೆ ಮುಖಕ್ಕೇ ಎರಚುತ್ತದೆ. ಒತ್ತುವುದಕ್ಕಿಂತ ಎಳೆಯುವುದಕ್ಕೆ ಬಲ ಹಾಕಿ. ಅಡ್ಡ ಸಿಕ್ಕಿದ್ದು ಬಂದ ದಾರಿಯಲ್ಲೇ ವಾಪಸ್ ಬರಬೇಕು. ಅದಕ್ಕೂ ಬಗ್ಗದಿದ್ದರೆ ಪ್ಲಂಬರ್‌ಗಳ ಉದ್ದನೆ ತಂತಿ ಸ್ಪ್ರಿಂಗ್ ಒಳಗೆ ಬಿಟ್ಟು ತಿರುಗಿಸಬೇಕು. ಆಗಲೂ ಬರದಿದ್ದರೆ ಕಮೋಡ್ ಬಿಚ್ಚಿಸಲೇಬೇಕು. ಕುದಿಯುವ ನೀರು ಸುರಿಯಬೇಡಿ, ಪಿಂಗಾಣಿ ಬಿರುಕು ಬಿಡಬಹುದು.

ಆಸಿಡ್ ಬಗ್ಗೆ ನನ್ನದು ಖಂಡಿತ ಬೇಡ ಅನ್ನುವ ಪಕ್ಷ. ಪ್ಲಾಸ್ಟಿಕ್ ಬುಟ್ಟಿ, ಪ್ಯಾಡ್ ಅದಕ್ಕೆ ಕರಗುವುದಿಲ್ಲ. ಕಟ್ಟಿದ ನೀರಿನಲ್ಲಿ ಆಸಿಡ್ ಹಾಗೇ ನಿಂತಿರುತ್ತದೆ, ಆಮೇಲೆ ಬಂದು ಕೈ ಹಾಕುವ ಪ್ಲಂಬರ್ ಮೈ ಸುಡುತ್ತದೆ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಪುಟ್ಟ ಟಾಯ್ಲೆಟ್‌ನಲ್ಲಿ ಅದು ಪ್ರಾಣಕ್ಕೇ ಬರಬಹುದು.

ಬಹಳ ಜನರಿಗೆ ಹೊಳೆಯದ ಕಾರಣ ಒಂದಿದೆ. ಹಳೇ ಮನೆಗಳಲ್ಲಿ ಮೊದಲು ಕೂರುವ ಇಂಡಿಯನ್ ಟಾಯ್ಲೆಟ್ ಇರುತ್ತದೆ. ಅಜ್ಜಿಗೆ ಮಂಡಿನೋವು ಅಂತ ವೆಸ್ಟರ್ನ್ ಹಾಕಿಸುತ್ತಾರೆ. ಇಂಡಿಯನ್ ಬೇಸಿನ್‌ನ ಟ್ರ್ಯಾಪ್, ಅಂದರೆ ವಾಸನೆ ಬರದ ಹಾಗೆ ನೀರು ನಿಲ್ಲಿಸುವ ಬಾಗು, ನೆಲದೊಳಗೆ ಇರುತ್ತದೆ. ವೆಸ್ಟರ್ನ್ ಕಮೋಡ್‌ಗೆ ಅದರ ಹೊಟ್ಟೆಯಲ್ಲೇ ಒಂದು ಟ್ರ್ಯಾಪ್ ಇದೆ. ನೆಲ ಅಗೆಯುವ ರಗಳೆ ಬೇಡ ಅಂತ ಹಳೇ ಟ್ರ್ಯಾಪ್ ಮೇಲೇ ಹೊಸ ಕಮೋಡ್ ಕೂರಿಸಿದರೆ ಒಂದರ ಕೆಳಗೆ ಒಂದು ಎರಡು ಬಾಗು ಆಗುತ್ತದೆ. ಮಧ್ಯೆ ಗಾಳಿ ಸಿಕ್ಕಿಕೊಂಡು ನೀರಿನ ಓಟ ಮುರಿಯುತ್ತದೆ. ಮೊದಲ ಬಾಗು ದಾಟಿದ್ದು ಎರಡನೆಯದರಲ್ಲಿ ಕೂರುತ್ತದೆ. ನಮ್ಮ ಮೇಲಿನ ಮನೆಯಲ್ಲಿ ಆಗಿದ್ದೂ ಇದೇ. ಕಮೋಡ್ ಎತ್ತಿಸಿ, ಕೆಳಗಿನ ಟ್ರ್ಯಾಪ್ ತೆಗೆಸಿ, ನೇರವಾಗಿ ಪೈಪ್‌ಗೆ ಕೊಡಿಸಿದೆವು. ಆ ಕಾಟ ಅಲ್ಲಿಗೆ ನಿಂತಿತು. ನಿಮ್ಮದೂ ಬದಲಾಯಿಸಿದ ಕಮೋಡ್ ಆಗಿದ್ದು, ಅವತ್ತಿನಿಂದಲೇ ಕಟ್ಟಿಕೊಳ್ಳುತ್ತಿದ್ದರೆ ಪ್ಲಂಬರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ಹಳೇ ಟ್ರ್ಯಾಪ್ ತೆಗೆದಿದ್ದೀರಾ? ಎರಡನೆಯದು: ಕೂರಿಸುವಾಗ ಸಿಮೆಂಟು, ಟೈಲ್ಸ್ ಚೂರು ಪೈಪಿನೊಳಗೆ ಬಿದ್ದಿಲ್ಲ ತಾನೆ?

ಫ್ಲಶ್ ಆದಮೇಲೆ ಗುಳುಗುಳು ಸದ್ದು ಬರುತ್ತಿದ್ದರೆ ಟೆರೇಸ್ ಹತ್ತಿ ವೆಂಟ್ ಪೈಪ್, ಅಂದರೆ ಕೊಳಚೆ ಲೈನಿಗೆ ಗಾಳಿಯಾಡಲು ಮೇಲಕ್ಕೆ ಬಿಟ್ಟಿರುವ ಪೈಪ್, ನೋಡಿ. ಹಕ್ಕಿ ಗೂಡು ಕಟ್ಟಿರಬಹುದು. ಮೇಲೆ ಇನ್ನೊಂದು ಅಂತಸ್ತು ಎತ್ತಿಸಿದಾಗ ಪೈಪ್ ಕತ್ತರಿಸಿ ಮುಚ್ಚಿರಲೂಬಹುದು.

ಚೇಂಬರ್‌ಗಳ ನಡುವೆ ಕಟ್ಟಿದ್ದರೆ ಬಿದಿರಿನ ದಬ್ಬೆ ಅಥವಾ ಉದ್ದನೆ ರಾಡ್ ಬಿಡಬೇಕು. ತುದಿಯಲ್ಲಿ ಸಣ್ಣ ಬೇರಿನ ಎಳೆಗಳು ಸಿಕ್ಕಿದರೆ ಅಸಲಿ ಕಥೆ ಬೇರೆ. ಹಳೇ ಕಾಲದ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪಿನ ಸಿಮೆಂಟ್ ಜಾಯಿಂಟ್ ಬಿರುಕು ಬಿಟ್ಟರೆ ಮರದ ಬೇರು ನೀರು ಹುಡುಕಿಕೊಂಡು ಒಳಗೆ ಬರುತ್ತದೆ. ಬೇರು ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಅಷ್ಟು ಭಾಗ ಅಗೆದು ನಾಲ್ಕು ಇಂಚಿನ ಪಿವಿಸಿ ಹಾಕಿಸಿ. 10 ಅಡಿ ಉದ್ದಕ್ಕೆ 3 ಇಂಚು ಇಳಿಜಾರು ಸಿಗುವ ಹಾಗೆ ನೋಡಿಕೊಳ್ಳಿ. ಮಣ್ಣು ಮುಚ್ಚುವ ಮೊದಲು ಮಟ್ಟಗೋಲು ಇಡಿಸಿ ನೀವೇ ನೋಡಿ.

ಯುಜಿಡಿ ಇಲ್ಲದ ಕಡೆ, ಮಳೆಗಾಲದಲ್ಲಿ ಮಾತ್ರ ಕಟ್ಟಿಕೊಂಡರೆ ಸೆಪ್ಟಿಕ್ ಟ್ಯಾಂಕ್ ಅಥವಾ ಗುಂಡಿ ತುಂಬಿದೆ ಅಂತ ಲೆಕ್ಕ. ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿ. ಯಾರನ್ನೂ ಒಳಗೆ ಇಳಿಸಬೇಡಿ, ಅವರೇ ಇಳಿಯುತ್ತೇನೆ ಅಂದರೂ ಬೇಡ. ಒಳಗಿನ ವಿಷಗಾಳಿಗೆ ಮನುಷ್ಯ ನಿಮಿಷಗಳಲ್ಲಿ ಸಾಯುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಾಧನವಿಲ್ಲದೆ ಇಳಿಸುವುದು ಅಪರಾಧ ಕೂಡ.

ಇನ್ನು ಮನೆ ಮುಂದೆ ಪಾರ್ಕಿಂಗ್ ಟೈಲ್ಸ್ ಹಾಕಿಸುವವರಿಗೆ ಒಂದು ಮಾತು. ಅಂದ ಕೆಡುತ್ತದೆ ಅಂತ ಚೇಂಬರ್ ಮುಚ್ಚಳದ ಮೇಲೂ ಟೈಲ್ಸ್ ಹಾಕಿಸಬೇಡಿ. ಹಾಕಿಸಿಯೇ ತೀರುತ್ತೀರಿ ಅಂದರೆ ಕೆಲಸ ಶುರುವಾಗುವ ಮೊದಲು ಪ್ರತಿ ಚೇಂಬರ್‌ದೂ ಫೋಟೋ ತೆಗೆಯಿರಿ. ಗೋಡೆಯಿಂದ, ಕಾಂಪೌಂಡ್‌ನಿಂದ ಎಷ್ಟೆಷ್ಟು ಅಡಿ ಅಂತ ಟೇಪ್ ಹಿಡಿದು ಅಳೆದು, ಮನೆ ಪ್ಲ್ಯಾನಿನ ಹಿಂದೆ ಬರೆದಿಡಿ.