ಅಗ್ಗದ ಪೆಲೆಟ್ ಸೋಸಿ ಅಭ್ಯಾಸಕ್ಕೆ ಹದ ಮಾಡುವುದು: ನನ್ನ ಅನುಭವ

ರಿವಾಲ್ವರ್ ಗುಂಡನ್ನು ತಾವೇ ತುಂಬಿಕೊಂಡು, ಮದ್ದು ಕಡಿಮೆ ಹಾಕಿ ಮೆತ್ತಗೆ ಹೊಡೆಯುವ ಹವ್ಯಾಸ ಹೊರದೇಶದಲ್ಲಿ ಸಾಕಷ್ಟಿದೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ, ಆ ದಾರಿ ಬೇಡವೇ ಬೇಡ. ಕೈಗೆ ಒದೆಯದ, ಜೇಬಿಗೆ ಹೊರೆಯಾಗದ ಗುರಿ ಅಭ್ಯಾಸ ಬೇಕೆನ್ನುವವರಿಗೆ 4.5 ಮಿ.ಮೀ. ಏರ್ ಪಿಸ್ತೂಲ್ ಇದೆ. ಅದು ಮದ್ದಿಲ್ಲದೆ, ಒತ್ತಿದ ಗಾಳಿಯಿಂದ ಪೆಲೆಟ್ ಎಂಬ ಸಣ್ಣ ಸೀಸದ ಗುಂಡನ್ನು ಹಾರಿಸುತ್ತದೆ. ಧಾರವಾಡದ ಹಳೆಯ ಹಂಚಿನ ಮನೆಗಳ ಉದ್ದ ಪಡಸಾಲೆಯಲ್ಲಿ ಒಂದು ಬಾಗಿಲಿಗೆ ಚಿಲಕ ಹಾಕಿದರೆ ಅದಕ್ಕೆ ಬೇಕಾದ 10 ಮೀಟರ್ ಜಾಗ ಸಾಮಾನ್ಯವಾಗಿ ಸಿಗುತ್ತದೆ.

ಖರ್ಚು ಬರುವುದು ಪೆಲೆಟ್‌ಗೆ. ದಿನಕ್ಕೆ 100 ಹೊಡೆತ, ತಿಂಗಳಿಗೆ 25 ದಿನ ಎಂದರೆ 2,500 ಪೆಲೆಟ್, ಅಂದರೆ 500ರ ಡಬ್ಬಿ ಐದು. ಎಲ್ಲವೂ ಜರ್ಮನಿಯ ಮ್ಯಾಚ್ ಪೆಲೆಟ್, ಅಂದರೆ ಸ್ಪರ್ಧೆಗೆಂದೇ ಮಾಡಿದ್ದು, ಆಗಬೇಕೆಂದರೆ ಹವ್ಯಾಸ ಬಹಳ ದಿನ ನಡೆಯುವುದಿಲ್ಲ. ಅಗ್ಗದ ಡಬ್ಬಿಯನ್ನು ಸೋಸಿದರೆ ಅದರಲ್ಲಿ ಬಹುಪಾಲು ಅಭ್ಯಾಸಕ್ಕೆ ಒದಗುತ್ತದೆ. ಆದರೆ ಯಾವುದನ್ನು ನೋಡಿ ಸೋಸಬೇಕು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ಎಲ್ಲರೂ ಮೊದಲು ಓಡುವುದು ತೂಕದ ಕಡೆಗೆ.

ತೂಕದ ಲೆಕ್ಕ ಹೀಗಿದೆ. ನನ್ನದು ಒಂದೇ ಸಲ ಪಂಪ್ ಮಾಡಿ ಹೊಡೆಯುವ ಪಿಸ್ತೂಲ್. 0.48 ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 130 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ 4 ಜೂಲ್ ಆಸುಪಾಸು. 10 ಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 30 ಮಿ.ಮೀ. ಕೆಳಗೆ ಇಳಿದಿರುತ್ತದೆ. ತೂಕ 0.01 ಗ್ರಾಂ ಹೆಚ್ಚಾದರೆ ವೇಗ ಶೇ. 1ರಷ್ಟು ತಗ್ಗುತ್ತದೆ, ಇಳಿತ ಶೇ. 2ರಷ್ಟು ಹೆಚ್ಚುತ್ತದೆ. ಅಂದರೆ 0.6 ಮಿ.ಮೀ. ಪಿಸ್ತೂಲ್ ಗುರಿಯ ಕಾರ್ಡಿನಲ್ಲಿ ಹತ್ತು ಅಂಕದ ನಡು ಉಂಗುರದ ವ್ಯಾಸ 11.5 ಮಿ.ಮೀ., ಮುಂದಿನ ಪ್ರತಿ ಉಂಗುರವೂ 8 ಮಿ.ಮೀ. ಆಚೆ. ಗೆರೆ ಮುಟ್ಟಿದರೂ ಹೆಚ್ಚಿನ ಅಂಕವೇ ಸಿಗುವುದರಿಂದ ಪೆಲೆಟ್‌ನ ನಡುಬಿಂದು ಕೇಂದ್ರದಿಂದ 8 ಮಿ.ಮೀ. ದೂರವಿದ್ದರೂ ಹತ್ತೇ. ಅಲ್ಲಿ 0.6 ಮಿ.ಮೀ. ಯಾವ ಲೆಕ್ಕ? ಹುಬ್ಬಳ್ಳಿಯ ಅಕ್ಕಸಾಲಿಗರ ಬಳಿ ಇರುವಂಥ 0.001 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಇಡೀ ಡಬ್ಬಿ ತೂಗಿ ನೋಡಿದ್ದೇನೆ. ಎರಡು ಸಂಜೆ ಹೋದವು, ಕಾರ್ಡಿನ ಮೇಲೆ ತೂತುಗಳು ಹರಡುವ ಗುಂಪು ಮಾತ್ರ ಚಿಕ್ಕದಾಗಲಿಲ್ಲ. ತೀರಾ ಹಗುರದವನ್ನು ತೆಗೆದರೆ ಸಾಕು.

ಗುರಿ ಕೆಡಿಸುವುದು ಎರಡು: ಹಿಂದಿನ ತೆಳು ಅಂಚು ಬಾಗಿರುವುದು, ತಲೆಯ ಅಳತೆ ಒಂದೊಂದಕ್ಕೆ ಒಂದೊಂದು ಇರುವುದು. ಹಿಂಬದಿಯ ಈ ಟೊಳ್ಳು ಅಂಚಿಗೆ ಸ್ಕರ್ಟ್ ಅನ್ನುತ್ತೇವೆ. ಗಾಳಿ ಅದನ್ನು ಅಗಲಿಸಿ ನಳಿಕೆಯ ಗೋಡೆಗೆ ಒತ್ತುತ್ತದೆ. ಅಂಚು ಒಂದು ಕಡೆ ನೆಗ್ಗಿದ್ದರೆ ಪೆಲೆಟ್ ನಳಿಕೆಯ ಬಾಯಿ ದಾಟುವಾಗ ಗಾಳಿ ಆ ಬದಿಯಿಂದ ಮೊದಲು ನುಗ್ಗಿ ಬಾಲವನ್ನು ಓರೆಯಾಗಿ ತಳ್ಳುತ್ತದೆ. ನಾಲ್ಕು ಪೆಲೆಟ್ ಒಂದೇ ತೂತಿಗೆ ಹೋಗಿ ಐದನೆಯದು ಎಂಟಕ್ಕೆ ಹೋಯಿತೆಂದರೆ ಕೈಯನ್ನು ದೂರುವ ಮೊದಲು ಡಬ್ಬಿಯೊಳಗೆ ನೋಡಿ.

ಮೊದಲ ಸೋಸು ಕಣ್ಣಿನಿಂದ. ಬಿಳಿ ಕಾಗದದ ಮೇಲೆ 50ರಂತೆ ಸುರಿದು, ಸ್ಕರ್ಟ್ ಮೇಲೆ ಬರುವಂತೆ ನಿಲ್ಲಿಸಿ, ಓರೆ ಬೆಳಕಿನಲ್ಲಿ ನೋಡಬೇಕು. ನಿಲ್ಲದೆ ಬೀಳುವವು, ಅಂಚು ಮೊಟ್ಟೆಯಾಕಾರಕ್ಕೆ ಬಂದವು, ಒಳಗೆ ಸೀಸದ ಚೂರು ಅಂಟಿರುವವು ಹೊರಗೆ. ಬಾಗಿದ್ದನ್ನು ಮೊಳೆಯಿಂದ ನೇರ ಮಾಡುವ ಗೋಜಿಗೆ ಹೋಗಬೇಡಿ. ಅಂಚು ಗುಂಡಗೆ ಕಂಡರೂ ದಪ್ಪ ಸಮ ಇರುವುದಿಲ್ಲ.

ಎರಡನೆಯದು ಉರುಳಿಸುವ ಪರೀಕ್ಷೆ, ನನಗೆ ಬಹಳ ಇಷ್ಟವಾದದ್ದು. ಫೋಟೋ ಫ್ರೇಮ್ ಹಾಕುವವರಲ್ಲಿ 30 ಸೆಂ.ಮೀ. ಉದ್ದದ ಗಾಜು ಕತ್ತರಿಸಿ ತಂದು, ಒಂದು ತುದಿಯ ಕೆಳಗೆ 15 ಮಿ.ಮೀ. ದಪ್ಪದ ಪುಸ್ತಕ ಇಡಿ. ಗಾಜಿನ ಅಡಿಗೆ ಗ್ರಾಫ್ ಕಾಗದ. ಪೆಲೆಟ್‌ನ್ನು ಇಳಿಜಾರಿಗೆ ಅಡ್ಡ ಮಲಗಿಸಿ, ಪ್ರತಿ ಸಲ ತಲೆ ಎಡಕ್ಕೇ ಇರುವಂತೆ, ಒಂದೇ ಗುರುತಿನಿಂದ ಬಿಡಬೇಕು. ಸ್ಕರ್ಟ್ ತಲೆಗಿಂತ ಅಗಲವಾದ್ದರಿಂದ ಪೆಲೆಟ್ ನೇರ ಇಳಿಯದೆ ತಲೆಯ ಕಡೆಗೆ ಬಾಗಿ ಉರುಳುತ್ತದೆ. ತಲೆ 4.50 ಮಿ.ಮೀ., ಸ್ಕರ್ಟ್ 4.75, ಇವೆರಡರ ನಡುವೆ 5 ಮಿ.ಮೀ. ಇದ್ದರೆ ಅದು ತುಳಿಯುವ ವೃತ್ತದ ತ್ರಿಜ್ಯ 90 ಮಿ.ಮೀ. ತಲೆ 4.48 ಆದರೆ 83. ಹೀಗಾಗಿ 70 ಮಿ.ಮೀ. ಕೆಳಗೆ ಎಳೆದ ಗೆರೆಗೆ ಬರುವಷ್ಟರಲ್ಲಿ ಮೊದಲನೆಯದು 33 ಮಿ.ಮೀ. ಎಡಕ್ಕೆ ಸರಿದಿದ್ದರೆ ಎರಡನೆಯದು 38ಕ್ಕೆ ಸರಿದಿರುತ್ತದೆ. ಎರಡು ನೂರಾಂಶ ಮಿ.ಮೀ. ವ್ಯತ್ಯಾಸವನ್ನು ಒಂದು ಗಾಜಿನ ತುಂಡು 5 ಮಿ.ಮೀ. ಮಾಡಿ ತೋರಿಸುತ್ತದೆ! ಹೆಚ್ಚಿನವು ಹಾಯುವ ಜಾಗದ ಎರಡೂ ಬದಿಗೆ 2 ಮಿ.ಮೀ. ಬಿಟ್ಟು ಗುರುತು ಹಾಕಿ, ಅದರೊಳಗಿನವನ್ನು ಒಂದು ಡಬ್ಬಿಗೆ ಹಾಕಿ. ತೊನೆಯುತ್ತಾ ಇಳಿಯುವವು ಬಾಗಿದವು, ಕಣ್ಣು ತಪ್ಪಿಸಿಕೊಂಡು ಬಂದಂಥವು.

ಇದು ಪರಸ್ಪರ ಅಳತೆ ತೋರಿಸುತ್ತದೆಯೇ ಹೊರತು ನಿಜವಾದ ತಲೆಯಳತೆಯನ್ನಲ್ಲ. ತಲೆ, ಸ್ಕರ್ಟ್ ಎರಡೂ ದಪ್ಪಗಿದ್ದರೆ ಅದೇ ಹಾದಿಯಲ್ಲಿ ಉರುಳುತ್ತದೆ. ಅದು ತಿಳಿಯುವುದು ತುಂಬುವಾಗ. ಹೆಬ್ಬೆರಳ ಸಣ್ಣ ಒತ್ತಿಗೆ ಕೂರಬೇಕು. ತಾನಾಗಿ ಜಾರಿ ಒಳಹೋದರೆ ಸಣ್ಣದು, ಉಗುರು ಊರಿ ತಳ್ಳಬೇಕಾದರೆ ದೊಡ್ಡದು. ಮ್ಯಾಚ್ ಡಬ್ಬಿಗಳ ಮೇಲೆ 4.49, 4.50, 4.51 ಎಂದು ಬರೆದಿರುವುದು ಇದೇ ತಲೆಯಳತೆ.

ಅಗ್ಗದ ಪೆಲೆಟ್‌ಗೆ ತೊಳೆಯುವುದೂ ಬೇಕು, ಸೀಸದ ಪುಡಿ ಬಹಳ ಇರುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಹನಿ, ಚಹಾ ಸೋಸುವ ಜರಡಿಯಲ್ಲಿ 250 ಪೆಲೆಟ್, ಒಂದು ನಿಮಿಷ ಮೆಲ್ಲಗೆ ಆಡಿಸುವುದು. ಕುಲುಕಿದರೆ ಒಂದಕ್ಕೊಂದು ಬಡಿದು ಸ್ಕರ್ಟ್ ನೆಗ್ಗುತ್ತದೆ. ಆ ಜರಡಿ ಮತ್ತೆ ಅಡುಗೆಮನೆಗೆ ಹೋಗಕೂಡದು. ಎರಡು ನೀರು ಹಾಯಿಸಿ ಹಳೇ ಧೋತರದ ಮೇಲೆ ಹರವಿ ಒಂದು ದಿನ ಒಣಗಿಸಬೇಕು. ಧಾರವಾಡದ ಜುಲೈ, ಆಗಸ್ಟ್ ಜಿಟಿಜಿಟಿ ಮಳೆಯಲ್ಲಿ ಎರಡು ದಿನ. ಆಮೇಲೆ ಬಟ್ಟೆಗೆ ಮೂರು ಹನಿ ಸಿಲಿಕೋನ್ ಎಣ್ಣೆ ಹಾಕಿ ಅದರಲ್ಲಿ ಹೊರಳಿಸಿ. ಸ್ಪ್ರಿಂಗ್ ಗನ್ (ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತುವ ಬಂದೂಕು) ಇರುವವರು ಹೊಲಿಗೆ ಯಂತ್ರದ ಎಣ್ಣೆ ಬಳಸಲೇಬಾರದು. ಒತ್ತಿದ ಗಾಳಿಯ ಬಿಸಿಗೆ ಅದು ಹೊತ್ತಿ ಹೊಗೆ ಬರುತ್ತದೆ, ವೇಗ ಏರುಪೇರಾಗುತ್ತದೆ, ಸೀಲ್ ಸುಡುತ್ತದೆ. ಇಡುವುದು ತಗಡಿನ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಮರದ ಪೆಟ್ಟಿಗೆಯಲ್ಲಿ ಇಟ್ಟರೆ ಮರದಿಂದ ಹೊಮ್ಮುವ ಆಮ್ಲಕ್ಕೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ.

ಪರೀಕ್ಷೆಗೆ ಪಿಸ್ತೂಲನ್ನು ಬಡಗಿಯ ವೈಸ್‌ನಲ್ಲಿ ಸೈಕಲ್ ಟ್ಯೂಬ್ ಸುತ್ತಿ ಹಿಡಿಸುತ್ತೇನೆ. ಸ್ಪ್ರಿಂಗ್ ಗನ್ನಿಗೆ ಇದು ನಡೆಯುವುದಿಲ್ಲ, ಮರಳಿನ ಚೀಲದ ಮೇಲೆ ಕೈಯಿಟ್ಟು ಹೊಡೆಯಬೇಕು. ಪೆಲೆಟ್ ಬದಲಿಸಿದ ಮೇಲೆ ಮೊದಲ 20 ಹೊಡೆತ ಲೆಕ್ಕಕ್ಕಿಲ್ಲ, ನಳಿಕೆಗೆ ಹೊಸ ಸೀಸ ಹಿಡಿಯಬೇಕು. ಆಮೇಲೆ ಐದೈದರ ಐದು ಗುಂಪು. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆದರೆ ನಡುವಿನಿಂದ ನಡುವಿನ ಅಳತೆ. ಪಂಪ್ ಮಾಡಿದ ಮೇಲೆ ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಹೊಡೆಯಿರಿ, ಕಾಯ್ದಷ್ಟೂ ಗಾಳಿ ಸೋರಿ ವೇಗ ಇಳಿಯುತ್ತದೆ. ಐದರ ಸರಾಸರಿ 8 ಮಿ.ಮೀ. ಒಳಗಿದ್ದರೆ ನಾನು ಆ ಡಬ್ಬಿಯನ್ನು ಅಭ್ಯಾಸಕ್ಕೆ ಒಪ್ಪುತ್ತೇನೆ. ಸ್ಪರ್ಧೆಗೆ 5ರ ಒಳಗೆ ಬರುವ ಮ್ಯಾಚ್ ಪೆಲೆಟ್ ಬೇರೆ ಇಡುತ್ತೇನೆ, ಸ್ಪರ್ಧೆಗೆ ಮೊದಲಿನ ಎರಡು ವಾರ ಅದನ್ನೇ ಹೊಡೆಯುತ್ತೇನೆ. ಮುಂದಿನ ಖರೀದಿಗೆ ಡಬ್ಬಿಯ ತಳದ ಲಾಟ್ ನಂಬರ್ ಬರೆದಿಡಿ. ಅದೇ ಹೆಸರಿನ ಬೇರೆ ಲಾಟ್ ಬೇರೆಯೇ ಪೆಲೆಟ್ ಇದ್ದ ಹಾಗೆ.

ಗುರಿಯ ಹಿಂದೆ 3 ಮಿ.ಮೀ. ಕಬ್ಬಿಣದ ಹಾಳೆಯನ್ನು 45 ಡಿಗ್ರಿ ಮುಂದಕ್ಕೆ ಬಾಗಿಸಿ ಕೂಡಿಸಿದ ಪೆಟ್ಟಿಗೆ ಇರಲಿ. ಹುಬ್ಬಳ್ಳಿಯ ಗೋಕುಲ ರೋಡ್ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಮಾಡುವವರು ಯಾರಾದರೂ ಮಾಡಿಕೊಡುತ್ತಾರೆ. ಪೆಲೆಟ್ ಕೆಳಗಿನ ಮರಳಿಗೆ ಬೀಳುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ನೆಲವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಸೀಸದ ಧೂಳು ಮೇಲೇಳಬಾರದು. ಪೆಲೆಟ್‌ನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಚಟ ಕೆಲವರಿಗಿದೆ, ದಯವಿಟ್ಟು ಬಿಡಿ. ಸಂಜೆಯ ಅಭ್ಯಾಸದ ನಡುವೆ ಗಿರಮಿಟ್ ಬಂದರೆ ಮೊದಲು ಪಿಸ್ತೂಲ್ ಖಾಲಿ ಮಾಡಿ ಕೆಳಗಿಟ್ಟು, ಸಾಬೂನು ಹಚ್ಚಿ ಉಗುರ ಸಂದಿಯವರೆಗೆ ಕೈ ತೊಳೆದು, ಪಡಸಾಲೆಯಿಂದ ಹೊರಗೆ ಕೂತು ತಿನ್ನಿ.