ಪತ್ತನಾಜೆಯೊಳಗೆ ಒಣಗಿಸಿ ಆಟಿಯಲ್ಲಿ ಮಾರುವ ಹಲಸಿನ ಹಪ್ಪಳ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಹಲಸಿನಕಾಯಿ ಹಪ್ಪಳಕ್ಕೆ ನಂಬುವಂಥ ಬಿಸಿಲು ಸಿಗುವುದು ಮಾರ್ಚ್ ಕೊನೆಯಿಂದ ಪತ್ತನಾಜೆಯವರೆಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ), ಹೆಚ್ಚೆಂದರೆ 60 ದಿನ. ಜನ ಹಪ್ಪಳ ಹುಡುಕಿಕೊಂಡು ಬರುವುದು ಮಳೆ ಹಿಡಿದ ಮೇಲೆ, ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು). ಮೇ ತಿಂಗಳಲ್ಲೇ ಇದ್ದದ್ದನ್ನೆಲ್ಲ ಮಾರಿಬಿಟ್ಟರೆ ಜುಲೈಯಲ್ಲಿ ಅಂಗಡಿಯವರು ಬೇರೆಯವರ ಪ್ಯಾಕೆಟ್ ತಂದಿಡುತ್ತಾರೆ. ಹಾಗಾಗಿ ಒಣಗಿದ್ದರಲ್ಲಿ ಅರ್ಧವನ್ನು ಅಂದಂದೇ ತಗಡಿನ ಡಬ್ಬಿಗೆ ತುಂಬಿ ತೆಗೆದಿಡುತ್ತೇನೆ. ಅದು ಮಳೆಗಾಲ ಪೂರ್ತಿ ಗರಿಗರಿಯಾಗಿ ಉಳಿಯಬೇಕಾದರೆ ಮರದ ಬುಡದಿಂದಲೇ ಜಾಗ್ರತೆ ಬೇಕು.

ಕಾಯಿ ಬಲಿತಿರಬೇಕು, ಸೊಳೆಯಲ್ಲಿ (ತೊಳೆಯಲ್ಲಿ) ಸಿಹಿ ಹತ್ತಿರಬಾರದು. ಸಿಹಿ ಹತ್ತಿದ್ದರೆ ಹಪ್ಪಳ ಸರಿಯಾಗಿ ಒಣಗದೆ ಅಂಟುತ್ತದೆ, ಎಣ್ಣೆಗೆ ಬಿದ್ದ ಕೂಡಲೇ ಕಪ್ಪಾಗುತ್ತದೆ. ತೀರ ಎಳೆಯದಾದರೆ ಅಂಚು ಬಿರಿಯುತ್ತದೆ. 10 ಕಿಲೋ ಕಾಯಿಯಲ್ಲಿ ಮೇಣ, ಗೂಂಜು (ನಡುವಿನ ದಿಂಡು), ಬೇಳೆ (ಬೀಜ) ಕಳೆದು ಸುಮಾರು 3 ಕಿಲೋ ಸೊಳೆ ಸಿಕ್ಕೀತು. ಕಾಯಿಯ ಬೆಲೆ ಕಟ್ಟುವಾಗ ಸೊಳೆಯ ತೂಕವನ್ನೇ ನೋಡಿ.

ಸೊಳೆಯನ್ನು ನೀರಿನಲ್ಲಿ ಬೇಯಿಸಬೇಡಿ, ಹಬೆಯಲ್ಲಿ 15–20 ನಿಮಿಷ ಸಾಕು. ಬಿಸಿ ಇರುವಾಗಲೇ, ನೀರು ಮುಟ್ಟಿಸದೆ ರುಬ್ಬಬೇಕು. ಆರಿದ ಸೊಳೆ ಗಟ್ಟಿಯಾಗಿ ತರಿತರಿ ಉಳಿಯುತ್ತದೆ, ಆ ತರಿಯೇ ಒತ್ತುವಾಗ ಹಪ್ಪಳವನ್ನು ತೂತು ಮಾಡುವುದು. 5 ಕಿಲೋ ಸೊಳೆಗೆ 50 ಗ್ರಾಂ ಉಪ್ಪು, ಅಷ್ಟೇ ಒಣಮೆಣಸು, ಒಂದು ಮುಷ್ಟಿ ಕೊತ್ತಂಬರಿ. ಹಿಟ್ಟಿನ ರುಚಿ ನೋಡಿದರೆ ಉಪ್ಪು ಕಡಿಮೆ ಅನ್ನಿಸಬೇಕು, ಏಕೆಂದರೆ ಒಣಗಿದಾಗ ತೂಕ ಕಾಲುಭಾಗಕ್ಕೆ ಇಳಿಯುತ್ತದೆ.

ಉಂಡೆ 25 ಗ್ರಾಂ. ಮೊದಲ ಹತ್ತನ್ನು ತಕ್ಕಡಿಯಲ್ಲಿ ತೂಗಿದರೆ ಮತ್ತೆ ಕೈಗೇ ಅಂದಾಜು ಬರುತ್ತದೆ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ, ಬೆಳಿಗ್ಗೆ ಒಂಬತ್ತರೊಳಗೆ ಚಾಪೆಗೆ ಹಾಕಬೇಕು. ಮಧ್ಯಾಹ್ನ ಮಗುಚಿ, ಸಂಜೆ ಇನ್ನೂ ಬಾಗುವ ಹದದಲ್ಲಿರುವಾಗ ಒಂದರ ಮೇಲೊಂದು ಜೋಡಿಸಿ ಮೇಲೆ ಮಣೆ ಹೇರಿದರೆ ಮುರುಟುವುದಿಲ್ಲ. ಇನ್ನೂ ಎರಡು ಬಿಸಿಲು ಬೇಕು. ಏಪ್ರಿಲ್‌ನ ಸಂಜೆ ಮಳೆಗೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು (ಚಾವಣಿ) ದೊಡ್ಡ ಆಸರೆ, ಆದರೆ ಎರಡೂ ಬದಿ ತೆರೆದಿರಬೇಕು. ಗಾಳಿ ಆಡದಿದ್ದರೆ ಒಳಗಿನ ಹಬೆ ತಿರುಗಿ ಹಪ್ಪಳದ ಮೇಲೆಯೇ ಇಳಿಯುತ್ತದೆ.

ಬೂಸಲಿಗೆ ಎಲ್ಲರೂ ಮಳೆಗಾಲವನ್ನು ದೂರುತ್ತಾರೆ. ನಾನು ಕಂಡಂತೆ ಹೆಚ್ಚಿನ ಬೂಸಲು ಪ್ಯಾಕ್ ಮಾಡುವ ದಿನವೇ ಒಳಸೇರುವುದು. ಬಿಸಿಲಿನಿಂದ ತಂದ ಬಿಸಿ ಹಪ್ಪಳವನ್ನು ಹಾಗೇ ಕಟ್ಟಿದರೆ ಕವರಿನೊಳಗೆ ಬೆವರುತ್ತದೆ. ನೆರಳಲ್ಲಿ ಒಂದು ಗಂಟೆ ಹರಡಿ, ನಡುಭಾಗದಲ್ಲಿ ಮುರಿದು ನೋಡಿ: ಟಪ್ ಎಂದು ತುಂಡಾಗಬೇಕು, ಬಾಗಿದರೆ ಇನ್ನೊಂದು ಬಿಸಿಲು. ಪ್ರತಿ ಡಬ್ಬಿಯ ಮೇಲೆ ತಾರೀಕು ಬರೆದು, ಹದಿನೈದು ದಿನಕ್ಕೊಮ್ಮೆ ಒಂದೊಂದು ಕರಿದು ನೋಡುತ್ತೇನೆ. ಸಂಶಯ ಬಂದ ಡಬ್ಬಿಯಿಂದ ಒಂದು ಪ್ಯಾಕೆಟ್ ಕೂಡ ಅಂಗಡಿಗೆ ಹೋಗಬಾರದು, ಎಷ್ಟೇ ನಷ್ಟವಾಗಲಿ.

ಲೇಬಲ್ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ತೂಕ, ಬೆಲೆ, ಪ್ಯಾಕ್ ಮಾಡಿದ ದಿನ, 14 ಅಂಕೆಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ಬಿಡುವಂತಿಲ್ಲ. ಅಂಗಡಿಗೆ ಹೋಗುವ ವಾರ ಬದಲಿಸಬೇಡಿ. ಗುರುವಾರ ಎಂದರೆ ಸುರಿಮಳೆಯಲ್ಲೂ ಗುರುವಾರವೇ, ಐದೇ ಪ್ಯಾಕೆಟ್ ಇದ್ದರೂ ಸರಿ. ಹುಡಿಯಾದ ಪ್ಯಾಕೆಟ್ಟನ್ನು ಮಾತಿಲ್ಲದೆ ಬದಲಿಸಿ ಕೊಡಿ. ಆ ಲೆಕ್ಕವನ್ನು ಪುಸ್ತಕದಲ್ಲಿ ಬೇರೆಯೇ ಬರೆದಿಟ್ಟುಕೊಂಡರೆ ಯಾವ ತಾರೀಕಿನ ಹಪ್ಪಳ ತೆಳುವಾಗಿತ್ತು ಎಂಬುದು ಮುಂದಿನ ಹಂಗಾಮಿಗೆ ಮೊದಲೇ ಗೊತ್ತಿರುತ್ತದೆ.